ಶಾಲೆ ಬಿಟ್ಟವಳ ನಕಾಶೆ

ಮತ್ತೊಂದು ಗಂಟು, ಹನ್ನೊಂದನೆಯದೋ ಹನ್ನೆರಡನೆಯದೋ, ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಮೊಮ್ಮಗಳ ಸಣ್ಣ ಬೆರಳುಗಳು ಬಿಳಿ ದಾರದ ಮೇಲೆ ಸರಿದು ಒಂದು ಗಂಟು ಹಾಕುತ್ತವೆ, ಎಡಕ್ಕೆ ತಿರುಗಿದರೆ ಒಂದು, ಬಲಕ್ಕೆ ತಿರುಗಿದರೆ ಜೋಡಿ, ಹಳ್ಳ ಬಂದರೆ ಒಂದು ಹುಲ್ಲುಕಡ್ಡಿ ಸಿಗಿಸುವುದು — ಬೀಡಿ ಕಟ್ಟುವ ದಾರ ಅದು, ಮಾಸ್ತರರ ಅವ್ವನ ಹಳೇ ಡಬ್ಬಿಯೊಳಗಿನದು, ಲಕ್ಷಗಟ್ಟಲೆ ಬೀಡಿಗಳ ಸೊಂಟ ಕಟ್ಟಿದ ದಾರ ಈಗ ನಿಪ್ಪಾಣಿಯಿಂದ ಚಿಕ್ಕೋಡಿಯ ತನಕದ ರಸ್ತೆ ಅಳೆಯಲು ಹೊರಟಿದೆ ನೋಡು ಅನ್ನಿಸಿ ಜ್ಞಾನದೇವ ಮಾಸ್ತರರಿಗೆ ನಗು ಬಂತು, ಬಂದ ನಗುವನ್ನು ಅಲ್ಲೇ ನುಂಗಿಕೊಂಡರು, ಇವತ್ತು ನಗುವ ದಿನವಲ್ಲ, ತೊಡೆಯ ಮೇಲಿನ ಕೈಚೀಲದಲ್ಲಿ ಪ್ರವೇಶದ ಫಾರ್ಮು ಇದೆ, ಎರಡು ಫೋಟೋ ಇವೆ, ಮೊಮ್ಮಗಳ ಆಧಾರಿನ ಝೆರಾಕ್ಸ್ ಇದೆ, ಫೋಟೋ, ಝೆರಾಕ್ಸ್ ಎರಡನ್ನೂ ಮಗನ ಕಪಾಟಿನಿಂದ ಹೇಳದೆ ಕೇಳದೆ ತೆಗೆದುಕೊಂಡು ಬಂದದ್ದು, ಕಳ್ಳತನವೇ ಅನ್ನಬೇಕು, ಅರವತ್ತೇಳನೆಯ ವಯಸ್ಸಿಗೆ ಮೊದಲ ಕಳ್ಳತನ. ಮನೆಯಲ್ಲಿ ಹೇಳಿದ್ದು ಪೆನ್ಶನ್ ಕೆಲಸ ಅಂತ. ಶುಭಾಂಗಿಗೆ ಹೇಳಿದ್ದೂ ಅದೇ, ನಾನೂ ಬರ್ತೇನಿ ಅಜ್ಜಾ, ಆ ಹಾದಿ ನಕಾಶಿ ಇನ್ನೂ ಮಾಡಿಲ್ಲ ಅಂದಳು, ಹಿಗ್ಗಿನಿಂದ ನಕಾಶೆಯ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಸ್ಸು ಹತ್ತಿದಳು, ಬಾ ಅಂತ ಕರೆಯುವ ತೊಂದರೆಯನ್ನೂ ಮಾಸ್ತರರಿಗೆ ಕೊಡಲಿಲ್ಲ. ಕಂಡಕ್ಟರ ಬಂದು ಹುಡುಗಿಯ ಕೈಗೆ ಪುಕ್ಕಟೆ ಟಿಕೀಟು ಹರಿದು ಕೊಟ್ಟ, ಯಾಕವಾ ತಂಗಿ, ಇವತ್ತ ಸಾಲಿ ಇಲ್ಲೇನು, ಅಂತ ಸುಮ್ಮನೆ ಮಾತಿಗೆ ಕೇಳಿದ, ಅವಳು ದಾರದಿಂದ ಕಣ್ಣು ತೆಗೆಯದೆ, ನಾ ಸಾಲಿಗೆ ಹೋಗೂದಿಲ್ರಿ, ನಕಾಶಿ ಮಾಡತೇನಿ, ಅಂದುಬಿಟ್ಟಳು, ಏನೋ ಟೇಲರಿಂಗ್ ಮಾಡುತ್ತೇನೆ ಅಂದಷ್ಟು ಸಲೀಸಾಗಿ. ಕಂಡಕ್ಟರ ಮಾಸ್ತರರ ಮುಖ ನೋಡಿದ. ಮಾಸ್ತರರು ಸೋಯಾಬೀನಿನ ಹೊಲ ನೋಡಿದರು, ಎರಡೆಲೆ ಒಡೆದಿದೆ, ಈ ಸಲ ಮಳೆ ಹೊತ್ತಿಗೆ ಸರಿಯಾಗಿ ಬಂದಿದೆ.

ಹನ್ನೊಂದು ವರ್ಷದ ಹುಡುಗಿ, ಆರನೆಯ ಇಯತ್ತೆಯಲ್ಲಿ ಇರಬೇಕಾದವಳು, ಎರಡು ವರ್ಷದಿಂದ ಶಾಲೆಯ ಮುಖ ನೋಡಿಲ್ಲ — ಬಿಡಿಸಿದವಳು ಸೊಸೆ ನೀಲಮ, ಅವಳೇ ಒಂದು ಖಾಸಗಿ ಶಾಲೆಯಲ್ಲಿ ಟೀಚರು, ಅದೇ ಶಾಲೆಯಲ್ಲಿ ಮಗಳು, ದಿನಾ ಬೆಳಿಗ್ಗೆ ಹುಡುಗಿಗೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ, ಮಾತು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು, ಒಂದು ದಿನ ನೀಲಮ ಮಗಳ ಕೈ ಹಿಡಿದುಕೊಂಡು ಶಾಲೆಯ ಗೇಟು ದಾಟಿ ಬಂದಳು, ತನ್ನ ರಾಜೀನಾಮೆಯನ್ನೂ ಕೊಟ್ಟು. ಮಗ ಸುರಜ ಸಕ್ಕರೆ ಕಾರಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ, ಸಮಾಧಾನಿ ಮನುಷ್ಯ, ಅವನಾದರೂ ಹೆಂಡತಿಗೆ ಬುದ್ಧಿ ಹೇಳುತ್ತಾನೆ ಅಂದುಕೊಂಡರೆ ಅವನು ಎದುರಿನ ಖೋಲಿಯ ಗೋಡೆಗೆ ಸುಣ್ಣ ಬಳಿದು, ಇದು ನಿಂದು ಶುಭೂ, ಏನ್ ಬೇಕಾರ ಬರಕೋ, ಅಂದ. ಏನಿದು, ಮಾಸ್ತರನ ಮನೆಯಲ್ಲಿ ಏನಿದು ಅಂತ ಮಾಸ್ತರರು ಎರಡು ದಿನ ಊಟ ಬಿಟ್ಟರು, ಮೂರನೆಯ ದಿನ ಹಸಿವು ತಡೆಯದೆ ಉಂಡರು. ಮಾವಾ, ಏನ್ ಕಲತಿ ಅಂತ ಅಕಿನ್ನ ಕೇಳಬ್ಯಾಡ್ರಿ, ಏನ್ ಬೇಕು ಅಂತ ಕೇಳ್ರಿ, ಅಂದಳು ನೀಲಮ, ಬಡಿಸುತ್ತಲೇ, ದನಿ ಏರಿಸದೆ. ಕೇಳುವುದು ಹೇಗೆ ಅಂತ ಮೂವತ್ತಾರು ವರ್ಷ ಪಾಠ ಮಾಡಿದವನಿಗೆ ಇವಳು ಹೇಳಿಕೊಡುತ್ತಾಳೆ. ಆದರೆ ಗೋಡೆ ಖಾಲಿ ಉಳಿಯಲಿಲ್ಲ, ಅದೊಂದು ಮಾತು ಒಪ್ಪಬೇಕು, ಮೊದಲ ತಿಂಗಳು ಹುಡುಗಿ ಗೋಡೆಗೆ ಬೆನ್ನು ಹಚ್ಚಿ ಸುಮ್ಮನೆ ಕೂತಿದ್ದಳು, ಎರಡನೆಯ ತಿಂಗಳು ಮನೆಯ ಹೊಸ್ತಿಲಿನಿಂದ ನಲ್ಲಿಯ ತನಕ ಒಂದು ಗೆರೆ ಬಿತ್ತು, ಆಮೇಲೆ ನಲ್ಲಿಯಿಂದ ಓಣಿ, ಓಣಿಯಿಂದ ತಂಬಾಕಿನ ಮೂಟೆ ತುಂಬಿಡುವ ವಖಾರ, ವಖಾರದಿಂದ ಹೈವೇ, ಗೋಡೆ ಸಾಲದೆ ಹಾಳೆ ಬಂದವು, ಹಾಳೆಗೆ ಹಾಳೆ ಅಂಟಿಸಿ ಹಿಂದೆ ಹಳೇ ಧೋತರದ ಅರಿವೆ ಹಚ್ಚಿದಳು, ಮಡಚಿದರೆ ಹರಿಯಬಾರದು ಅಂತ, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮತ್ತೆ ಮಾತು, ಆ ಮಾತು ಯಾವಾಗ ಮರಳಿ ಬಂತು ಅಂತ ಮನೆಯಲ್ಲಿ ಯಾರಿಗೂ ದಿನ ಹೇಳಲು ಬರುವುದಿಲ್ಲ, ಒಂದು ಸಂಜೆ ನೋಡಿದರೆ ಆಕೆ ಅವ್ವನ ಪಕ್ಕ ಕೂತು ಹರಟುತ್ತಿದ್ದಾಳೆ.

ಅವ್ವ, ಅಕ್ಕುತಾಯಿ, ಮನೆಮಂದಿಗೆಲ್ಲ ಆಯಿ, ಎಂಬತ್ತೈದು ದಾಟಿದರೂ ಬೆರಳು ಇನ್ನೂ ತೊಡೆಯ ಮೇಲೆ ಬೀಡಿ ಸುತ್ತಿದ ಹಾಗೆ ಆಡುತ್ತಿರುತ್ತವೆ — ಆ ಬೆರಳುಗಳು ದಿನಕ್ಕೆ ಸಾವಿರ ಸುತ್ತಿ ಜ್ಞಾನುವನ್ನು ಓದಿಸಿದವು, ಇಡೀ ಓಣಿಯಲ್ಲಿ ಮೊದಲು ಮೆಟ್ರಿಕ್ ಆದವನು ಜ್ಞಾನು, ಮೊದಲು ಮಾಸ್ತರನಾದವನು ಜ್ಞಾನು, ನೌಕರಿಯ ಆರ್ಡರು ಬಂದ ದಿನ ಅವ್ವ ಅದನ್ನು ಉಲ್ಟಾ ಹಿಡಿದುಕೊಂಡು ನೋಡುತ್ತ ಅತ್ತಿದ್ದಳು, ಅದಕ್ಕೆ ಕಟ್ಟು ಹಾಕಿಸಿ ಬಾಬಾಸಾಹೇಬರ ಫೋಟೋದ ಕೆಳಗೆ ತೂಗುಹಾಕಿದ್ದು ಇನ್ನೂ ಅಲ್ಲೇ ಇದೆ. ಶಾಲೆ ಅಂದರೆ ಈ ಮನೆಗೆ ಅನ್ನ, ಶಾಲೆ ಅಂದರೆ ತಲೆ ಎತ್ತಿ ನಡೆಯುವುದು, ನಮ್ಮವರನ್ನು ಹೊರಗೆ ಇಟ್ಟವರು ಬೇಕಾದಷ್ಟು ಜನ ಇದ್ದರು, ಒಳಗೆ ಬಂದವರು ಜೀವ ತೇದು ಬಂದರು, ಅಂಥ ಬಾಗಿಲನ್ನು ಕಾಲಿನಿಂದ ಒದ್ದು ಬರುತ್ತೀರೇನು, ಅಂತ ಸುರಜನಿಗೆ ಕೇಳಿದಾಗ ಅವನು, ಅಪ್ಪಾ, ನಾವು ಕಲಿಯೂದು ಬಿಡಿಸಿಲ್ಲ, ಹೊಟ್ಟಿನೋವು ಬಿಡಿಸೇವಿ, ಅಂದ. ಜಾಣ ಮಾತು, ಆದರೆ ಮಾತಿನಿಂದ ಹೊಟ್ಟೆ ತುಂಬುವುದಿಲ್ಲ, ಸರ್ಟಿಫಿಕೇಟು ಬೇಕು, ನಾಳೆ ಈ ಹುಡುಗಿ ದೊಡ್ಡವಳಾಗಿ ನಿಂತಾಗ ಏನು ತೋರಿಸುತ್ತಾಳೆ, ಅರಿವೆ ಹಚ್ಚಿದ ಹಾಳೆಯನ್ನೇ, ಮಂದಿಯ ಮಕ್ಕಳಿಗೆ ಶಾಲೆ ತಪ್ಪಿದರೆ ಅವರಿಗೆ ಹೊಲ ಇದೆ, ಅಂಗಡಿ ಇದೆ, ನಮಗೆ ಏನಿತ್ತು, ಒಂದು ಹಾಳೆ ಕಾಗದ ಇತ್ತು, ಅಷ್ಟೇ. ಇದೇ ಅಂಜಿಕೆ, ಇದನ್ನು ಮಾಸ್ತರರು ಸಿಟ್ಟು ಅಂತ ಹೇಳಿಕೊಂಡು ತಿರುಗುತ್ತಾರೆ, ನಿಜ ನೋಡಿದರೆ ಬರೀ ಅಂಜಿಕೆ.

ಬಸ್ಸು ನಿಂತಿತು, ಮೇವಿನ ಹೊರೆ ಹೊತ್ತ ಇಬ್ಬರು ಹತ್ತಿದರು, ಹಸಿ ಹುಲ್ಲಿನ ವಾಸನೆ, ಶುಭಾಂಗಿ ಹುಲ್ಲುಕಡ್ಡಿ ಒಂದು ಇಸಿದುಕೊಂಡಳು, ಮುಂದೆ ಹಳ್ಳ ಬರ್ತೈತಿ ಅಜ್ಜಾ ಅಂದಳು, ಬಂತು. ಹೇಗೆ ಗೊತ್ತಾಯಿತೇ ಅಂದರೆ ಗಿಡ ನೋಡು, ಸಾಲಾಗಿ ಹಸಿರು ಐತಲ್ಲ, ಅಂದಳು. ಚುರುಕು ಹುಡುಗಿ, ಹತ್ತಕ್ಕೆ ಹತ್ತು, ಅಂತ ಬಾಯಿಗೆ ಬಂದದ್ದನ್ನು ಕಚ್ಚಿ ಹಿಡಿದರು, ಅಂಕದ ಮಾತು ಬೇಡ, ಅಂಕದಿಂದ ಒಮ್ಮೆ ಕೈ ಸುಟ್ಟುಕೊಂಡಾಗಿದೆ — ಹೋದ ದೀಪಾವಳಿ, ಹುಡುಗಿ ಹೊರಗೆ ಆಡಲು ಹೋಗಿದ್ದಳು, ನಕಾಶೆ ನೆಲದ ಮೇಲೆ ಹಾಸಿತ್ತು, ಮಾಸ್ತರರು ಬಗ್ಗಿ ನೋಡಿದರು, ಉತ್ತರ ದಿಕ್ಕು ಎಲ್ಲೋ ಬಲಕ್ಕೆ ಹೋಗಿದೆ, ಮೇಲಿನ ತುದಿಯಲ್ಲಿ ಆಯಿಯ ಮಂಚ, ಕೈ ತನ್ನಷ್ಟಕ್ಕೆ ತಾನೇ ಅಂಗಿಯ ಕಿಸೆಗೆ ಹೋಯಿತು, ರಿಟೈರಾದ ಮೇಲೂ ಆ ಕಿಸೆಯಲ್ಲಿ ಕೆಂಪು ಪೆನ್ನು ಇರುತ್ತದೆ, ಉತ್ತರ ಮೇಲೆ ಇರಬೇಕು ಅಂತ ಬರೆದರು, ಅಡಿಗೆರೆ ಎಳೆದರು, ಮೂಲೆಯಲ್ಲಿ ಹತ್ತಕ್ಕೆ ಏಳು ಅಂತ ಹಾಕಿ ಸುತ್ತು ಸುತ್ತಿದರು, ಏಳು ಅಂದರೆ ಮಾಸ್ತರರ ಕೈಯಲ್ಲಿ ಬಹಳ, ಸುರಜನಿಗೆ ಆರಕ್ಕಿಂತ ಹೆಚ್ಚು ಎಂದೂ ಬಿದ್ದಿಲ್ಲ. ಹುಡುಗಿ ಬಂದು ನೋಡಿ ಅಳಲಿಲ್ಲ. ಉಳದ ಮೂರು ಎಲ್ಲಿ ಹೋದ್ವು ಅಜ್ಜಾ, ಅಂದಳು. ನಕಾಶೆ ಸುತ್ತಿ ಮಾಳಿಗೆಯ ಮೇಲೆ ಇಟ್ಟಳು, ಮೂರು ವಾರ ಪೆನ್ಸಿಲ್ಲು ಮುಟ್ಟಲಿಲ್ಲ, ಮನೆಯಲ್ಲಿ ಯಾರೂ ಮಾಸ್ತರರನ್ನು ಒಂದು ಮಾತು ಅನ್ನಲಿಲ್ಲ, ಅಂದಿದ್ದರೆ ಹಗುರಾಗುತ್ತಿತ್ತು. ನಾಲ್ಕನೆಯ ವಾರ ಅವ್ವನೇ ಕರೆದು, ಬಾರವ್ವಾ, ನಾ ಹುಟ್ಟಿದ ಕಾಲದಾಗ ಈ ಓಣಿ ಹೆಂಗ ಇತ್ತು ಹೇಳತೇನಿ ಬರಕೋ, ಅಂದಳು, ಹಾಗೆ ಎರಡನೆಯ ನಕಾಶೆ ಸುರುವಾಯಿತು, ಈಗ ಕಂಕುಳಲ್ಲಿ ಇರುವುದು ಅದು, ಮಾಸ್ತರರಿಗೆ ಅದನ್ನು ಬಿಚ್ಚಿ ತೋರಿಸಿಲ್ಲ, ಅವರೂ ಕೇಳಿಲ್ಲ, ಕೇಳುವ ಮುಖ ಎಲ್ಲಿದೆ.

ಆದರೂ ಇಷ್ಟಕ್ಕೆ ಇವತ್ತು ಈ ಬಸ್ಸು ಹತ್ತುತ್ತಿರಲಿಲ್ಲ, ಹತ್ತಿಸಿದ್ದು ಮನೀಷಾ, ಅವರದೇ ಹಳೆಯ ವಿದ್ಯಾರ್ಥಿನಿ, ಈಗ ಅವರದೇ ಹಳೇ ಶಾಲೆಯಲ್ಲಿ ಟೀಚರು, ಹೋದ ವಾರ ಕೈಯಲ್ಲೊಂದು ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಳು, ಚಪ್ಪಲಿ ಬಿಡಲೋ ಬೇಡವೋ ಅನ್ನುತ್ತ, ಸರ, ಸಾಲಿ ಬಿಟ್ಟ ಮಕ್ಕಳ ಸಮೀಕ್ಷಾ ನಡದೈತ್ರಿ, ಶುಭಾಂಗಿ ಹೆಸರು ಬಂದೈತ್ರಿ, ತಪ್ಪ ತಿಳಕೋಬ್ಯಾಡ್ರಿ, ಅಂದಳು. ದೀಪದ ಬುಡಕ್ಕೆ ಕತ್ತಲೆ ಅನ್ನುತ್ತಾರಲ್ಲ, ಅದು ಇದೇ, ಯಾಕೆಂದರೆ ಆ ಪಟ್ಟಿ ಹಿಡಿದು ಇಪ್ಪತ್ತು ವರ್ಷ ಊರ ಓಣಿಗಳಲ್ಲಿ ತಿರುಗಿದವರು ಜ್ಞಾನದೇವ ಮಾಸ್ತರರು, ಮೊರ ಮುಂದೆ ಇಟ್ಟುಕೊಂಡು ಬೀಡಿ ಸುತ್ತುವ ಮಕ್ಕಳನ್ನು ರಟ್ಟೆ ಹಿಡಿದು ಎಬ್ಬಿಸಿ ಕರೆದುಕೊಂಡು ಬಂದವರು — ದುಂಡೇಶನನ್ನು ಎಬ್ಬಿಸಿದ್ದು ಹಾಗೆಯೇ, ಒಂಬತ್ತು ವರ್ಷದವನು, ಅವನ ತಾಯಿ ಸುಂದ್ರವ್ವ ಕಟ್ಟೆಯ ಮೇಲಿನಿಂದ ಕೂಗಿದಳು, ಮಾಸ್ತರ, ಇಂವನ್ನ ಒಯ್ದರ ದಿನಕ್ಕ ಇನ್ನೂರ ಬೀಡಿ ಕಮ್ಮಿ ಬೀಳತಾವ, ನೀವು ಬಂದು ಸುತ್ತತೀರೇನು. ಸುತ್ತತೇನಿ ತಗೋ ಅಂದರು. ಅಂದಂತೆ ಸುತ್ತಿದರು ಕೂಡ, ಶಾಲೆ ಬಿಟ್ಟ ಮೇಲೆ ಧೋತರ ಮೇಲೆ ಕಟ್ಟಿ ಸುಂದ್ರವ್ವನ ಕಟ್ಟೆಯ ಮೇಲೆ ಕೂತು ಇನ್ನೂರು, ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ, ಅವ್ವನ ಮಗ, ಕೈ ಮರೆತಿರಲಿಲ್ಲ, ಓಣಿಯವರು ನಕ್ಕರು, ಒಂದು ವರ್ಷ ಪೂರಾ ನಕ್ಕರು, ಎರಡನೆಯ ವರ್ಷ ಸುಂದ್ರವ್ವನೇ ಸಾಕು ಬಿಡ್ರಿ ಅಂದಳು. ಅದೇ ದುಂಡೇಶ ಈಗ ಚಿಕ್ಕೋಡಿಯ ಆಚೆ ಒಂದು ವಸತಿ ಶಾಲೆಯ ಹೆಡ್‌ಮಾಸ್ತರ. ಸರ, ಒಂದು ಸೀಟು ಐತ್ರಿ, ಗುರುವಾರ ಸಂಜಿ ನಾಕರ ತನಕ ನಿಮ್ಮ ಸಲುವಾಗಿ ಹಿಡದ ಇಡತೇನಿ, ಅಂತ ಫೋನಿನಲ್ಲಿ ಹೇಳಿದ. ಇವತ್ತು ಗುರುವಾರ. ಹಾಸ್ಟೆಲ್ಲು ಅಲ್ಲೇ, ಊಟ ಅಲ್ಲೇ, ಒಮ್ಮೆ ಹೆಸರು ಹತ್ತಿದರೆ ಸುರಜ ಏನು ಮಾಡುತ್ತಾನೆ, ಬೈಯುತ್ತಾನೆ, ಬೈಯಲಿ, ಅವ್ವ ಒಬ್ಬಳು ಮೆಚ್ಚುತ್ತಾಳೆ, ಸಾವಿರ ಬೀಡಿ ಸುತ್ತಿ ಮಗನನ್ನು ಓದಿಸಿದವಳು ಶಾಲೆಯ ಪರವಾಗಿಯೇ ಇರುತ್ತಾಳೆ, ಅಂತ ಮಾಸ್ತರರು ಮನಸ್ಸಿನಲ್ಲಿ ಅವ್ವನ ಹೆಸರನ್ನು ತಮ್ಮ ಕಡೆ ಬರೆದುಕೊಂಡರು, ಅವಳನ್ನು ಕೇಳದೆ.

ಚಿಕ್ಕೋಡಿಯಲ್ಲಿ ಇಳಿದು ರಿಕ್ಷಾ ಹಿಡಿದದ್ದು, ಹುಡುಗಿ ದಾರದ ಉಳಿದ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದು, ಗೇಟು, ಗೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಶಾಲೆ ಅಂತ ಬರೆದ ಫಲಕ, ಅವಳು ಓದಿದಳು, ಓದುತ್ತಾಳೆ, ಕನ್ನಡ, ಮರಾಠಿ ಎರಡನ್ನೂ ಸರಾಗ ಓದುತ್ತಾಳೆ, ಅಜ್ಜನ ಕೈಯೊಳಗಿನ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು, ಅಷ್ಟೇ. ದುಂಡೇಶ ಎದ್ದು ಬಂದು ಕಾಲು ಮುಟ್ಟಿದ, ಬ್ಯಾಡೋ ಬ್ಯಾಡೋ ಅನ್ನುವುದರೊಳಗೆ ಮುಟ್ಟಿಯೇ ಬಿಟ್ಟ, ತಲೆ ಅರ್ಧ ಬೆಳ್ಳಗಾಗಿದೆ ಇವನದು, ಯಾವಾಗ ಆಯಿತು, ಕುರ್ಚಿ, ಚಹಾ, ಫಾರ್ಮು ಟೇಬಲ್ಲಿನ ಮೇಲೆ, ಪೆನ್ನು ಫಾರ್ಮಿನ ಮೇಲೆ, ಸರ, ಪಾಲಕರ ಸಹಿ ಅಂತ ಐತ್ರಿ, ನೀವ ಹಾಕಿದ್ರೂ ನಡೀತೈತ್ರಿ. ಹದಿನೇಳರ ಮಗ್ಗಿ ಬರತೈತೇನವಾ, ಅಂತ ಹುಡುಗಿಗೆ ಪ್ರೀತಿಯಿಂದಲೇ ಕೇಳಿದ, ಪ್ರೀತಿಯಿಂದ ಕೇಳಿದರೂ ಪರೀಕ್ಷೆ ಪರೀಕ್ಷೆಯೇ, ಅವಳು ಇಲ್ರೀ ಅಂದಳು, ತಲೆ ತಗ್ಗಿಸದೆ. ನಮ್ಮ ಸಾಲ್ಯಾಗ ಇರತೀಯೇನು, ಗೆಳತ್ಯಾರು ಭಾಳ ಮಂದಿ ಸಿಗತಾರ. ಅದಕ್ಕೆ ಅವಳು ದುಂಡೇಶನನ್ನು ನೋಡಲಿಲ್ಲ, ಅಜ್ಜನನ್ನು ನೋಡಿದಳು, ನೀ ಪೆನ್ಶನ್ ಕೆಲಸ ಅಂದಿದ್ದಿ ಅಜ್ಜಾ, ಅಂದಳು. ಎರಡು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಈ ಹುಡುಗಿಗೆ ಸುಳ್ಳು ಹೇಳಿರಲಿಲ್ಲ, ಅದೊಂದನ್ನು ಮಾತ್ರ ಅವರು ಬಿಡದೆ ಪಾಲಿಸಿದ್ದರು, ಹೊಟ್ಟೆನೋವು ಹೋದದ್ದು ಗೋಡೆಯಿಂದಲ್ಲ, ಸುಣ್ಣದಿಂದಲ್ಲ, ಇದರಿಂದ ಅಂತ ಮಾಸ್ತರರಿಗೆ ಈಗ ಗೊತ್ತಾಗಬೇಕೇ, ಈಗ, ಪೆನ್ನು ಹತ್ತಿರ ಬಂದಾಗ. ಅವಳ ಕೈ ಹೊಟ್ಟೆಯ ಮೇಲೆ ಹೋಯಿತೋ, ಇಲ್ಲ, ಲಂಗದ ನಿರಿಗೆ ಸರಿಮಾಡಿಕೊಂಡಳು, ಇಲ್ಲ ಹೊಟ್ಟೆಯ ಮೇಲೆಯೇ ಹೋಯಿತು. ಮಾಸ್ತರರಿಗೆ ನಾಚಿಕೆಯಾಯಿತು, ಮೈಯೆಲ್ಲ ನಾಚಿಕೆ, ಸಂಬಳದ ನೌಕರಿ ಮಾಡಿದ ಅಷ್ಟೂ ವರ್ಷಗಳಲ್ಲಿ ಇಷ್ಟು ಆಗಿರಲಿಲ್ಲ.

ಅದೇನವಾ ಕಂಕಳಾಗ, ಅಂತ ದುಂಡೇಶ ಮಾತು ತಿರುಗಿಸಿದ, ಪುಣ್ಯಾತ್ಮ, ಮಾಸ್ತರನ ಮುಖ ನೋಡಿ ತಿರುಗಿಸಿದ. ತೋರಸಲೇನ್ರಿ ಅಂದಳು, ತೋರಿಸುವುದು ಅಂದರೆ ಅವಳಿಗೆ ಎಲ್ಲವೂ ಮರೆಯುತ್ತದೆ, ಚಹಾದ ಕಪ್ಪು ಸರಿಸಿ, ಫಾರ್ಮು ಸರಿಸಿ, ಸುರುಳಿ ಬಿಚ್ಚಿದಳು, ಟೇಬಲ್ಲು ಸಾಲಲಿಲ್ಲ, ಒಂದು ತುದಿ ದುಂಡೇಶನ ಕೈಯಲ್ಲಿ, ಇನ್ನೊಂದು ತುದಿ ಮಾಸ್ತರರ ತೊಡೆಯ ಮೇಲೆ, ನೋಡಿದರೆ ಊರು, ಆದರೆ ಈಗಿನ ಊರಲ್ಲ, ಅವ್ವನ ಊರು — ಎಂದೋ ಕೆಡವಿದ ಹಳೇ ವಖಾರ ನಿಂತಿದೆ, ಮುಚ್ಚಿದ ಬಾವಿ ಬಾಯಿ ತೆರೆದಿದೆ, ಬಾವಿಯ ಒಂದು ಮಗ್ಗುಲಿಗೆ ನಮಗೆ ಇಲ್ಲ ಅಂತ ಬರೆದಿದ್ದಾಳೆ, ಸಣ್ಣ ಅಕ್ಷರ, ಬರೀ ಇದ್ದ ಮಾತು ಬರೆದ ಹಾಗೆ, ಹುಣಸೆಮರಗಳನ್ನು ಎಣಿಸಿ ಹಾಕಿದ್ದಾಳೆ, ಯಾರ ಮನೆಯ ಮುಂದೆ ಎಷ್ಟು ಹೆಜ್ಜೆಗೆ ಏನು, ಆಯಿಯ ಹೆಜ್ಜಿ ಸಣ್ಣವ್ರಿ, ಅದಕ್ಕ ಮೂರು ಆಯಿ ಹೆಜ್ಜಿಗೆ ಎರಡು ನನ್ನ ಹೆಜ್ಜಿ ಹಿಡದೇನಿ, ಅಂದಳು, ಅಪೂರ್ಣಾಂಕ ಇದು, ಭಿನ್ನರಾಶಿ, ಮಾಸ್ತರರು ಐದನೆಯ ಇಯತ್ತೆಗೆ ಆರು ವಾರ ಹೇಳಿಕೊಟ್ಟು ಅರ್ಧ ಮಕ್ಕಳಿಗೆ ತಲೆಗೆ ಹತ್ತದೆ ಹೋಗುತ್ತಿದ್ದ ಅಪೂರ್ಣಾಂಕ, ಮುದುಕಿಯ ಹೆಜ್ಜೆಯಲ್ಲಿ ಬಂದು ಕೂತಿದೆ. ದುಂಡೇಶನ ಬೆರಳು ಓಣಿಯಲ್ಲಿ ಹೋಗಿ ನಿಂತಿತು, ಇದು ನಮ್ಮ ಕಟ್ಟಿ, ಅವ್ವನ ಕಟ್ಟಿ, ಅಂದ, ಕಟ್ಟೆಯ ಮೇಲೆ ಒಂದು ಮೊರ ಬರೆದಿದೆ, ಮೊರದ ಎರಡೂ ಕಡೆ ಒಂದೊಂದು ಮನುಷ್ಯಾಕೃತಿ, ಒಬ್ಬರ ತಲೆಯ ಮೇಲೆ ಟೊಪ್ಪಿಗೆ, ಇಂವಾ ನಮ್ಮಜ್ಜ, ಸಾಲಿ ಬಿಟ್ಟ ಮ್ಯಾಲ ಬೀಡಿ ಸುತ್ತತಿದ್ನಂತ, ಆಯಿ ಹೇಳ್ಯಾಳ. ದುಂಡೇಶ ಕನ್ನಡಕ ತೆಗೆದು ಒರೆಸಿಕೊಂಡ. ಮಾಸ್ತರರು ಆ ಟೊಪ್ಪಿಗೆಯನ್ನು ಬಗ್ಗಿ ನೋಡಿದರು, ಇದನ್ನು ಇವಳು ಹಾಕಿದ್ದಾಳೆ, ಏಳು ಅಂಕ ಕೊಟ್ಟವನನ್ನು ನಕಾಶೆಯಿಂದ ತೆಗೆದುಹಾಕಿಲ್ಲ.

ಬೆರಳು ಮುಂದೆ ಸರಿಯಿತು, ಇದು ನಮ್ಮ ಸಾಲಿ ಅಲ್ಲೇನು, ಹೌದು, ಓಣಿಯ ಸರಕಾರಿ ಶಾಲೆ, ದುಂಡೇಶ ಕಲಿತ ಶಾಲೆ, ಮಾಸ್ತರರು ಹನ್ನೊಂದು ವರ್ಷ ಕಲಿಸಿದ ಶಾಲೆ, ಓಣಿಯ ಕಡೆ ಮೂರು ಕಿಟಕಿ, ಸರಿ, ಮೂರೇ, ನಡುವಿನ ಕಿಟಕಿಯ ಹೊರಗೆ, ಗೋಡೆಗೆ ಹತ್ತಿದ ಹಾಗೆ, ಒಂದು ಚುಕ್ಕೆ. ಇದೇನವಾ ಚುಕ್ಕಿ, ಗಿಡ ಇತ್ತೇನಿಲ್ಲಿ. ಗಿಡ ಅಲ್ರಿ, ಆಯಿ. ಆಯಿ ಇಲ್ಲೇ ನಿಂದರತಿದ್ಲಂತ್ರಿ, ಎಂಟು ವರ್ಷದ ಸಣ್ಣಾಕಿ ಇದ್ದಾಗ, ಕಟಗಿ ಹೊರಿ ತಲಿ ಮ್ಯಾಲ ಇಟಗೊಂಡು, ಒಳಗ ಬಾ ಅನ್ನವರು ಯಾರೂ ಇರಲಿಲ್ಲ, ಅದಕ್ಕ ಒಳಗ ಹುಡುಗ್ರು ಮಗ್ಗಿ ಅನ್ನೂದು ಮುಗಿಯೂತನಕ ನಿಂತು ಕೇಳತಿದ್ಲಂತ, ಹೊರಿ ಇಳಸಿದರ ಮತ್ತ ಎತ್ತಿ ಕೊಡವರು ಬೇಕಲ್ರಿ, ಅದಕ್ಕ ಇಳಸತಿದ್ದಿಲ್ಲಂತ. ಮೂರು ವರ್ಷ. ಬೇ ಎಕೆ ಬೇ, ಬೇ ದುಣೇ ಚಾರ್, ಎರಡೆರಡಲೆ ನಾಕು ಅಂತ ಮರಾಠಿ ಮಗ್ಗಿ, ಇಪ್ಪತ್ತರ ತನಕ ಬರ್ತಾವ ಆಯಿಗೆ, ಹದಿನೇಳರದ್ದೂ ಬರ್ತೈತ್ರಿ, ನನಗ ಬೇಕಾದಾಗ ಆಕಿನ್ನ ಕೇಳತೇನಿ. ಇಪ್ಪತ್ತೈದು ಬೀಡಿಗೊಂದು ಕಟ್ಟು, ಅವ್ವ ಕಟ್ಟುಗಳನ್ನು ಬಾಯಲ್ಲೇ ಗುಣಿಸುತ್ತಿದ್ದಳು, ಅವ್ವನಿಗೆ ಅಕ್ಷರ ಬರುವುದಿಲ್ಲ, ಆರ್ಡರು ಉಲ್ಟಾ ಹಿಡಿದವಳು, ಮಗ್ಗಿ ಎಲ್ಲಿಂದ ಬಂತು ಅಂತ ಅರವತ್ತು ವರ್ಷದಲ್ಲಿ ಒಮ್ಮೆ ಕೇಳಿದ್ದರೆ, ಒಂದೇ ಒಮ್ಮೆ, ಊರ ಮಕ್ಕಳಿಗೆಲ್ಲ ಏನು ಬರುತ್ತದೆ ಅಂತ ಕೇಳಿದ ಬಾಯಿ.

ಈಗ ಆ ಕಿಡಕಿ ಇಲ್ರಿ, ಅಂತ ಅವಳು ಹೇಳುತ್ತಿದ್ದಾಳೆ, ಹಲಗಿ ಬಡದಾರ, ನಾ ಹೋಗಿ ನೋಡಿ ಬಂದೇನಿ, ಅದಕ್ಕ ಅದರ ಮ್ಯಾಲ ಅಡ್ಡಗೆರಿ ಎಳದು ಕಾಟ ಹಾಕೇನಿ, ಯಾರು ಬಡದ್ರಂತ ಆಯಿನ್ನ ಕೇಳಿದರ ಆಯಿ ಹೇಳಲಿಲ್ಲ. ಹೇಳಲಿಲ್ಲ. ಹೇಳಲಾರಳು. ತೊಂಬತ್ತೊಂದನೆಯ ಇಸವಿ, ಬೇಸಿಗೆ ಸುರುವಾಗುತ್ತ ಬಂದಿತ್ತು, ಒಳಗೆ ಐದನೆಯ ಇಯತ್ತೆ, ಹೊರಗೆ ನಡುವಿನ ಕಿಟಕಿಗೆ ಬೀಡಿಯೆಲೆಯ ಗಂಟು ಹೊತ್ತ ನಾಲ್ಕೈದು ಹುಡುಗಿಯರು, ದಿನಾ ಬಂದು ಇಣುಕುವುದು, ಒಳಗಿನವರು ನಗುವುದು, ಪಾಠ ಕೆಡುವುದು, ಕಲೀಬೇಕಂದ್ರ ಬಾಗಲದಿಂದ ಬರ್ರಿ, ಇಣುಕಬ್ಯಾಡ್ರಿ, ಅಂತ ಎಷ್ಟು ಹೇಳಿದರೂ ಕೇಳದೆ ಹೋದಾಗ ಬಡಿಗನನ್ನು ಕರೆಸಿದರು, ಎರಡು ಹಲಗೆ, ಬೇವಿನದು, ಮಾಸ್ತರರೇ ಎದುರು ನಿಂತು ಹಿಡಿದುಕೊಟ್ಟರು, ಅವ್ವ ಎಲೆ ತರಲು ಹೊರಟವಳು ಓಣಿಯಲ್ಲಿ ನಿಂತಳು, ಬಹಳ ಹೊತ್ತು ನಿಂತಳು, ಒಳಗ ಗಾಳಿ ಆಡೂದಿಲ್ಲಪ್ಪಾ ಜ್ಞಾನೂ, ಅಂದಳು. ಶಿಸ್ತು ಬೇಕವ್ವಾ, ನಿನಗ ತಿಳಿಯೂದಿಲ್ಲ. ಹೀಗೆ ಅಂದರು, ಇದೇ ಮಾತು, ಸುತ್ತಿಗೆಯ ಸದ್ದಿನಲ್ಲಿ ಸ್ವಲ್ಪ ಕೂಗಿಯೇ ಅಂದರು, ನಿನಗ ತಿಳಿಯೂದಿಲ್ಲ. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಹೋದಳು, ಮೂವತ್ತು ವರ್ಷದ ಮೇಲಾಯಿತು, ಒಂದು ದಿನವೂ ಆ ಮಾತು ತೆಗೆಯಲಿಲ್ಲ, ಮೊಮ್ಮಗನ ಮಗಳು ಕೇಳಿದರೂ ಮಗನ ಹೆಸರು ಹೇಳಲಿಲ್ಲ. ದಿನಕ್ಕೆ ಇನ್ನೂರು ಬೀಡಿ ಸುತ್ತಿ ಒಬ್ಬನನ್ನು ಬಾಗಿಲಿಂದ ಒಳಗೆ ಎಳೆದ ಕೈ, ಅದೇ ಕೈ ಹಲಗೆ ಹಿಡಿದುಕೊಟ್ಟಿತು, ಎರಡೂ ನಿಜ, ಎರಡೂ ಒಬ್ಬನೇ, ಇವತ್ತು ಮೂರನೆಯದನ್ನು, ಸುಳ್ಳು ಹೇಳಿ ಮೊಮ್ಮಗಳನ್ನು ಒಳಗೆ ನೂಕುವುದನ್ನು, ಮಾಡಲು ಬಸ್ಸು ಹತ್ತಿ ಬಂದಿದ್ದಾನೆ.

ಅದನ್ನ ನಾನ ಬಡಿಸಿದ್ದು, ಅಂದರು. ದನಿ ತಮ್ಮದೇ ಅನ್ನಿಸಲಿಲ್ಲ. ನಿನಗ ಪೆನ್ಶನ್ ಕೆಲಸ ಅಂತ ಸುಳ್ಳ ಹೇಳಿದ್ದೂ ನಾನ. ಎರಡೂ ತಪ್ಪಾತು ನೋಡವಾ. ಹುಡುಗಿ ಅವರ ಮುಖ ನೋಡಿದಳು, ಅಳತೆ ತೆಗೆಯುವಾಗ ನೋಡುವ ನೋಟ, ಆಮೇಲೆ ಕಿವಿಯ ಹಿಂದಿನ ಪೆನ್ಸಿಲ್ಲು ತೆಗೆದಳು, ಎಷ್ಟ ಮೊಳಿ ಅಜ್ಜಾ, ಅಂದಳು. ಏನು. ಹಲಗಿಗೆ ಎಷ್ಟ ಮೊಳಿ ಬಡಿಸಿದ್ದಿ. ಸಿಟ್ಟಿಲ್ಲ, ಕ್ಷಮೆಯ ಮಾತೂ ಇಲ್ಲ, ಅವಳಿಗೆ ಗೊತ್ತಾಗಬೇಕು ಅಷ್ಟೇ, ಗೊತ್ತಿದ್ದವನನ್ನು ಕೇಳುತ್ತಿದ್ದಾಳೆ, ಎರಡು ವರ್ಷದಲ್ಲಿ ಮೊದಲ ಸಲ ಈ ಅಜ್ಜನಿಂದ ಅವಳಿಗೆ ಏನೋ ಬೇಕಾಗಿದೆ. ಆರು, ಅಂದರು. ಒಂದೊಂದಕ್ಕ ಮೂರು. ಅವಳು ಕಿಟಕಿಯ ಮೇಲೆ ಆರು ಸಣ್ಣ ಗುರುತು ಹಾಕಿದಳು, ಮೇಲೆ ಮೂರು ಕೆಳಗೆ ಮೂರು, ನಾಲಿಗೆ ತುಟಿಯ ಮೂಲೆಯಲ್ಲಿ ಇಟ್ಟುಕೊಂಡು, ಪಕ್ಕದಲ್ಲಿ ಅಜ್ಜ ಬಡಿಸಿದ್ದು ಅಂತ ಬರೆದಳು. ಮಾಸ್ತರರು ಫಾರ್ಮನ್ನು ಎರಡು ಮಡಿಕೆ ಮಾಡಿ ಚೀಲಕ್ಕೆ ಹಾಕಿದರು, ದುಂಡೂ, ಈ ಸೀಟಿಗೆ ಮುಂದಿನ ಹೆಸರು ಯಾರದು. ಬೋರಗಾಂವದ ಹುಡುಗೀದ್ರಿ ಸರ, ಶೇವಂತಾ ಅಂತ, ಅವರಪ್ಪ ಪಾವರಲೂಮಿನ್ಯಾಗ ಕೆಲಸಕ್ಕ ಅದಾನ, ಎರಡ ಸಲ ಬಂದು ಕೇಳಿಹೋಗ್ಯಾನ್ರಿ. ಅಕಿಗೆ ಕೊಡು, ಬಾಗಲದಾಗ ನಿಂತಾಕಿಗೆ ಕೊಡು, ಈಗ ಫೋನ್ ಮಾಡು, ನನ್ನ ಮುಂದ. ದುಂಡೇಶ ಫೋನು ತೆಗೆದ, ಆ ಕಡೆ ಲೂಮುಗಳ ಖಟಖಟ ಇಲ್ಲಿಯವರೆಗೆ ಕೇಳಿತು, ಯಾರೋ ಖುಷಿಯಿಂದ ಒದರಿ ಒದರಿ ಹೌದ್ರಿ ಬರ್ತೇವ್ರಿ ಅನ್ನುತ್ತಿದ್ದಾರೆ. ಅಜ್ಜಾ, ಈ ಸಾಲಿಗೆ ಎಷ್ಟ ಕಿಡಕಿ ಅದಾವ ಎಣಿಸಿ ಬರಲೇನು, ಅಂದಳು ಶುಭಾಂಗಿ, ಉತ್ತರಕ್ಕೆ ಕಾಯದೆ ಓಡಿದಳು, ಕಾಲಿನ ಸದ್ದು ಪಡಸಾಲೆಯಲ್ಲಿ ದೂರ ದೂರ ಹೋಯಿತು, ಒಂದು, ಎರಡು ಅನ್ನುವ ದನಿ, ಕ್ಲಾಸಿನೊಳಗಿನಿಂದ ಯಾರೋ ಮಕ್ಕಳು ಕೈ ಬೀಸಿರಬೇಕು, ನಕ್ಕಳು.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದೆ, ಸುರಜನಿಗೆ ಹೇಳಬೇಕು, ಎಲ್ಲವನ್ನೂ, ಕಪಾಟಿನಿಂದ ತೆಗೆದದ್ದನ್ನೂ, ಮನೀಷಾಳಿಗೆ ಹೇಳಿ ನಾಳೆ ಗಂಟೆ ಹೊಡೆಯುವ ಮೊದಲೇ ಓಣಿಯ ಶಾಲೆಯ ಬೀಗ ತೆಗೆಸಬೇಕು, ಸುತ್ತಿಗೆ ಯಾರ ಮನೆಯಲ್ಲಿದೆ, ಜಂಗು ತಿಂದ ಮೊಳೆ ಸುಲಭಕ್ಕೆ ಬರುವುದಿಲ್ಲ, ಬರುತ್ತವೆ, ಎಳೆದರೆ ಬರುತ್ತವೆ, ಅವ್ವನನ್ನು ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂಡಿಸಿ ಅವಳ ಎದುರೇ ಕೀಳಬೇಕು, ಅವ್ವ 'ಏನ್ ಮಾಡಾಕತ್ತೀಯೋ' ಅಂದರೆ ಏನು ಹೇಳುವುದು, ತಿಳಿದವನು ಏನು ಹೇಳುವುದು — ತೊಡೆಯ ಮೇಲೆ ನಕಾಶೆ ಹಾಗೆಯೇ ಬಿದ್ದಿದೆ, ಮಾಸ್ತರರ ಕಣ್ಣು ಓಣಿ ಬಿಟ್ಟು ಬಾವಿಗೆ ಹೋಗುತ್ತದೆ, ಬಾವಿ ಬಿಟ್ಟು ಕಟ್ಟೆಗೆ ಹೋಗುತ್ತದೆ, ಮತ್ತೆ ಅಲ್ಲಿಗೇ ಬರುತ್ತದೆ, ನಡುವಿನ ಕಿಟಕಿ, ಹೊರಗೊಂದು ಚುಕ್ಕೆ, ಹೆಬ್ಬೆರಳನ್ನು ಅದರ ಪಕ್ಕ ಇಟ್ಟರು, ಮೇಲೆ ಇಡಲಿಲ್ಲ, ಎಂಟು ವರ್ಷದವಳು, ತಲೆಯ ಮೇಲೆ ಹೊರೆ, ಇಳಿಸಿದರೆ ಎತ್ತಿಕೊಡುವವರಿಲ್ಲ, ಬಾಯಿ ಮಾತ್ರ ಆಡುತ್ತಿದೆ, ಬೇ ದುಣೇ ಚಾರ್, ಚುಕ್ಕೆ, ಒಳಗಿನಿಂದ ಯಾರೂ ನೋಡುತ್ತಿಲ್ಲ, ಬೇ ತ್ರಿಕ್ ಸಹಾ, ನಿಂತಿದ್ದಾಳೆ.